ನೀರು ಬಾರದ ಕಣ್ಣು

“ಇದನ್ನ ಹೆಚ್ಚು. ನಿನ್ನ ಕಣ್ಣಾಗ ನೀರು ಬರ್ತಾವೋ ಇಲ್ಲೋ ನೋಡ್ತೇನಿ,” ಎಂದು ಅಬ್ದುಲಗನಿ ಹೆಂಡತಿಯ ಮುಂದೆ ಉಳ್ಳಾಗಡ್ಡಿ ಇಟ್ಟ. ಟೀವಿಯಲ್ಲಿ ಹಳೆಯ ಕಪ್ಪುಬಿಳುಪು ಸಿನಿಮಾ ನಡೆದಿತ್ತು. ಬೇರೆ ಗ್ರಹದವರು ಮನುಷ್ಯರನ್ನು ಹೊತ್ತೊಯ್ದು, ಅವರದೇ ರೂಪದಲ್ಲಿ ಮನೆಗಳಲ್ಲಿ ಕೂತಿದ್ದರು. ಅವರ ಕಣ್ಣಲ್ಲಿ ಮಾತ್ರ ನೀರು ಬರುತ್ತಿರಲಿಲ್ಲ.

ಮರೆವಿನ ರೋಗದಲ್ಲಿ ಅವನು ಮಗಳ ಹೆಸರು ಮರೆತಿದ್ದ, ನಿಡಗುಂದಿಯ ಈ ಮನೆಗೆ ಬರುವ ದಾರಿ ಮರೆತಿದ್ದ. ಹೆಂಡತಿಯ ಗುರುತೊಂದು ಉಳಿದಿತ್ತು. “ಸಿನಿಮಾ ನೋಡಿ ನಿಮಗ ಹುಚ್ಚು ಹಿಡದೈತಿ,” ಎಂದು ಜನ್ನತಬಿ ನಗುತ್ತಲೇ ಈಳಿಗೆ ಎಳೆದುಕೊಂಡಳು. ಒಂದು ಹೆಚ್ಚಿದಳು, ಇನ್ನೊಂದು ಹೆಚ್ಚಿದಳು. ಮೂವತ್ತು ವರ್ಷ ಸಗಟು ಮಾರುಕಟ್ಟೆಯ ಅಡತಿ ಅಂಗಡಿಯಲ್ಲಿ ಉಳ್ಳಾಗಡ್ಡಿ ಆರಿಸಿದ ಕಣ್ಣುಗಳವು. ಒಣಗಿಯೇ ಇದ್ದವು. ಅವಳ ನಗು ನಿಂತಿತು. ಮೂರನೆಯದನ್ನು ಕಣ್ಣಿನ ಹತ್ತಿರವೇ ಹಿಡಿದು ಹಿಂಡಿದಳು.

ಅಬ್ದುಲಗನಿ ಎದ್ದು ಎರಡು ಹೆಜ್ಜೆ ಹಿಂದೆ ಸರಿದ. ಬೈಯಲಿಲ್ಲ, ಕೂಗಲಿಲ್ಲ. ಕೈ ಜೋಡಿಸಿದ.

“ನನ್ನ ಹೇಣ್ತಿಗೆ ಹಸಿವು ತಡಿಯಂಗಿಲ್ರಿ. ಎಲ್ಲಿ ಇಟ್ಟಿದ್ರೂ ಹೊತ್ತಿಗೆ ಸರಿಯಾಗಿ ರೊಟ್ಟಿ ಕೊಡ್ರಿ.”

ಜನ್ನತಬಿ ಹೋಳುಗಳನ್ನು ತಟ್ಟೆಗೆ ಬಳಿದಳು.

“ಕೊಡ್ತೇನ್ರಿ,” ಎಂದಳು.