ಬೆನ್ನ ಹಿಂದಿನ ಕೈಗಳು

ಚೆಂಡು ಹೊಸ ಆಟಗಾರ ಕೆಂಟನ ಕೈಯಲ್ಲಿತ್ತು. ಬ್ಯಾಸ್ಕೆಟ್ ಎದುರಿಗೇ ಇತ್ತು, ತಡೆಯುವವರು ಯಾರೂ ಇರಲಿಲ್ಲ. ಆದರೂ ಅವನು ಚೆಂಡನ್ನು ಟೆರೆನ್ಸ್‌ನತ್ತ ಚಾಚಿದ. ಸೀನಿಯರ್ ಇರುವಾಗ ಜೂನಿಯರ್ ಮುಂದಾಗುವುದು ಅವನು ಕಲಿತ ಶಾಲೆಯಲ್ಲಿ ಉದ್ಧಟತನ.

ಅವರ ಫುಕುವೋಕಾ ತಂಡ ಒಂದೇ ಅಂಕ ಹಿಂದಿತ್ತು, ಆಟ ಇನ್ನೇನು ಮುಗಿಯಲಿತ್ತು. ಜಪಾನಿನಲ್ಲಿ ಅಮೆರಿಕದ ಟೆರೆನ್ಸ್‌ಗೆ ಇದೇ ಕೊನೆಯ ಪಂದ್ಯ. ಇಂಥ ಚೆಂಡುಗಳನ್ನು ಇಷ್ಟು ವರ್ಷ ಅವನೇ ಎಸೆದು ಗೆಲ್ಲಿಸಿದ್ದ. ಸ್ಟೇಡಿಯಂ ಅವನ ಹೆಸರನ್ನೇ ಕೂಗುತ್ತಿತ್ತು. ಅವನು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

“ಇವ್ನ್ಯಾಕೆ ಹೀಗೆ ಕೈ ಕಟ್ಕೊಂಡು ನಿಂತ್ಬಿಟ್ಟ?” ಎಂದಳು ಪ್ರೇಕ್ಷಕರ ನಡುವಿದ್ದ ಕನ್ನಡತಿ ಸತ್ಯಭಾಮಾ.

“ಅಮ್ಮಾ, ನೌ ಕೆಂಟ-ಸಾನ್ ಹ್ಯಾಸ್ ಟು ಶೂಟ್,” ಎಂದಳು ಮಗಳು ನಿಧಿ.

ಕೆಂಟ ಬ್ಯಾಸ್ಕೆಟ್‌ನತ್ತ ತಿರುಗಿ ಎಸೆದ. ಚೆಂಡು ಇನ್ನೂ ಗಾಳಿಯಲ್ಲಿರುವಾಗಲೇ ಟೆರೆನ್ಸ್ ಪ್ರೇಕ್ಷಕರ ಕಡೆ ತಿರುಗಿ, ಗೆದ್ದವನ ನಿರಾಳದಲ್ಲಿ ಸೊಂಟ ಬಾಗಿಸಿ ವಂದಿಸಿದ.