ಗೋಣಿಯೊಳಗಿನ ಗಿಣಿ

ಹಿಕ್ಕೆ ಹತ್ತಿದ ಒದ್ದೆ ಗೋಣಿಯ ವಾಸನೆ ಬಂದರೆ ನಾನು ಇವತ್ತಿಗೂ ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದು ನಿಲ್ಲುತ್ತೇನೆ.

ಎಪ್ಪತ್ತನಾಲ್ಕರ ಬೇಸಿಗೆ, ಒಂದು ಮಂಗಳವಾರದ ಮಧ್ಯಾಹ್ನ. ಹರಿಯಬ್ಬೆಯ ನಮ್ಮ ಮನೆಯ ಹಿತ್ತಲಲ್ಲಿ ಅಜ್ಜಿ ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದಳು, ನಾನು ನಾರು ಬಿಡಿಸುತ್ತಿದ್ದೆ. ಅವ್ವ ಹೊಲಕ್ಕೆ ಹೋಗಿದ್ದರಿಂದ ಅಂಬೆಗಾಲಿಡುವ ತಮ್ಮನನ್ನು ಪಡಸಾಲೆಯಲ್ಲಿ ಚಿಕ್ಕಪ್ಪ ನೋಡಿಕೊಳ್ಳುತ್ತಿದ್ದ. ಗಿಣಿಯ ಪಂಜರವೂ ಅಲ್ಲೇ ತೂಗುತ್ತಿತ್ತು.

ಗಿಣಿ ಕಿರುಚತೊಡಗಿತು. "ಏಯ್, ಸುಮ್ಕಿರು. ನಿದ್ದೆ ಮಾಡಾಕೂ ಬಿಡಲ್ಲ" ಎಂದು ಚಿಕ್ಕಪ್ಪ ಬೈದು, ಪಂಜರದ ಮೇಲೆ ಒದ್ದೆ ಗೋಣಿ ಎಳೆದದ್ದು ಕೇಳಿಸಿತು. ಸೆಕೆಗೆಂದು ದಿನವೂ ಹಾಗೆ ಹೊದಿಸುತ್ತಿದ್ದೆವು. ಕತ್ತಲಾದೊಡನೆ ಅದು ಸುಮ್ಮನಾಗುತ್ತಿತ್ತು. ಅಂದು ಆಗಲಿಲ್ಲ.

ಅಜ್ಜಿಯ ಕೈ ನಿಂತಿತು. "ಗೋಣಿ ಹಾಕಿದ್ ಮ್ಯಾಲೂ ಬಡ್ಕಂತೈತೆ. ಏನೋ ಆಗೈತೆ ಕಣೇ" ಎಂದು ಎದ್ದು ಪಡಸಾಲೆಗೆ ಓಡಿದಳು, ನಾನೂ ಬೆನ್ನಿಗೇ ಓಡಿದೆ.

ಚಿಕ್ಕಪ್ಪನ ಉಗುಳು ಡಬ್ಬಿಯ ಪಕ್ಕ ತಮ್ಮ ಬಿದ್ದಿದ್ದ. ಮುಖ ನೀಲಿಗಟ್ಟಿತ್ತು. ಅಜ್ಜಿ ಅವನನ್ನು ಬೋರಲು ಮಾಡಿ ಬಾಯಿಗೆ ಬೆರಳು ಹಾಕಿದಳು. ಚಿಕ್ಕಪ್ಪ ಜಗಿದು ಉಗಿದಿದ್ದ ಹೊಗೆಸೊಪ್ಪಿನ ಕರಿಯ ಉಂಡೆ, ಎಳೆ ಎಳೆಯಾದ ಲೋಳೆಯೊಂದಿಗೆ ಹೊರಬಂತು. ಹಿಂದೆಯೇ ಹುಳಿತ ಹಾಲು ಕಕ್ಕಿ ತಮ್ಮ ಅತ್ತ.

ಚಿಕ್ಕಪ್ಪ ಕಣ್ಣುಜ್ಜಿಕೊಂಡು ಎದ್ದ. "ಈಗ ತಾನೆ ನೋಡಿದ್ನಲ್ಲವ್ವ, ಆಡ್ಕಂತಿದ್ದ."

ಅಜ್ಜಿ ಲೋಳೆ ಹತ್ತಿದ ಬೆರಳುಗಳನ್ನು ಅವನ ಬಿಳಿ ಪಂಚೆಗೆ ನಿಧಾನವಾಗಿ, ಒಂದೊಂದಾಗಿ ಒರೆಸಿದಳು.

"ಥೂ, ಏನವ್ವ ಈ ಗಲೀಜು" ಎಂದು ಅವನು ಮುಖ ಸಿಂಡರಿಸಿದ.

"ನಿನ್ ಬಾಯಿಂದೇ ಕಣೋ" ಅಂದಳು ಅಜ್ಜಿ, ಪಂಜರದ ಗೋಣಿ ತೆಗೆಯುತ್ತಾ.