ಸತ್ತೂವ್ರಿ ಸರ

ವಾರಿಜಾಳ ಪಿಎಚ್‌ಡಿಗೆ ಒಂದು ಸಾವೂ ಸಿಕ್ಕಿರಲಿಲ್ಲ. ಆರೋಗ್ಯವಂತ ಜೀವಕೋಶ ಕಾಲ ಬಂದಾಗ ತಾನಾಗಿಯೇ ಸಾಯುತ್ತದೆ. ಕ್ಯಾನ್ಸರಿನದು ಅದನ್ನು ಮರೆತು ಒಡೆದೊಡೆದು ಹೆಚ್ಚುತ್ತದೆ. ಅದಕ್ಕೆ ಸಾವನ್ನು ನೆನಪಿಸುವ ಔಷಧಿ ಅವಳದು. ನಾಲ್ಕು ವರ್ಷ ಆ ಔಷಧಿ ಕುಡಿದು ಕೋಶಗಳು ಕೊಬ್ಬಿದ್ದೇ ಬಂತು.

ದಸರಾ ರಜೆ ಮುಗಿಸಿ ಬಂದು ನೋಡಿದರೆ ಲ್ಯಾಬಿನಲ್ಲಿ ಔಷಧಿ ಹಾಕಿದ ತಟ್ಟೆಗಳಲ್ಲಿ ಒಂದು ಕೋಶವೂ ಬದುಕಿರಲಿಲ್ಲ.

"ಸತ್ತೂವ್ರಿ ಸರ!"

"ಭಪ್ಪರೆ! ಪೇಡೆ ತರಸವ್ವಾ," ಎಂದರು ಗೈಡು.

ಅಟೆಂಡರ್ ಚನ್ನಬಸಪ್ಪ ಎರಡು ಪೇಡೆ ಎತ್ತಿಕೊಂಡ. "ನನ್ನ ಪೂಜಿ ಫಲಾ ಕೊಡ್ತು ನೋಡ್ರಿ ಅಕ್ಕಾರ. ಆಯುಧಪೂಜಿಗೆ ನಿಮ್ಮ ಕೋಶ ಬೆಚ್ಚಗಿಡೋ ಪೆಟ್ಟಿಗೀನೂ ಆಫ್ ಮಾಡಿ, ಕುಂಕುಮ ಹಚ್ಚಿ, ನಾಕು ದಿನಾ ವಿಶ್ರಾಂತಿ ಕೊಟ್ಟಿದ್ನಿ."

ಹೋಲಿಕೆಗೆಂದು ಔಷಧಿ ಹಾಕದೆ ಇಟ್ಟಿದ್ದ ಹನ್ನೆರಡು ತಟ್ಟೆಗಳನ್ನು ವಾರಿಜಾ ಓಡಿಹೋಗಿ ನೋಡಿದಳು. ಹನ್ನೆರಡೂ ಸತ್ತಿದ್ದವು.